ಆಕ್ಸೊಲಾಟಲ್‌ಗೆ ಹುಷಾರಿಲ್ಲವೇ? ಗಂಭೀರ ಲಕ್ಷಣಗಳು ಮತ್ತು ಮೊದಲ ಆರೈಕೆ

ಆಕ್ಸೊಲಾಟಲ್‌ಗೆ ನೋವಾದರೆ ನಾಯಿ, ಬೆಕ್ಕಿನ ಹಾಗೆ ಅದು ಕೂಗಿ ಹೇಳುವುದಿಲ್ಲ. ಟ್ಯಾಂಕಿನ ತಳದಲ್ಲಿ ಸುಮ್ಮನೆ ಕೂತಿರುವುದೇ ಅದರ ಸ್ವಭಾವ. ಹಾಗಾಗಿ ಅದು ಆರಾಮವಾಗಿದೆಯೋ ಕಾಯಿಲೆ ಬಿದ್ದಿದೆಯೋ ಎಂದು ಮನೆಯವರಿಗೆ ಗೊತ್ತಾಗುವುದು ಹೆಚ್ಚಾಗಿ ತಡವಾಗಿಯೇ.

ಇದು ಮೀನಲ್ಲ, ಕಪ್ಪೆಯ ಹಾಗೆ ಉಭಯವಾಸಿ. ಮೆಕ್ಸಿಕೊ ನಗರದ ಬಳಿಯ ಶೋಚಿಮಿಲ್ಕೊ ಕಾಲುವೆಗಳ ತಣ್ಣೀರು ಇದರ ಮೂಲ ನೆಲೆ. ಚರ್ಮ ತೆಳು, ನೀರಿನಲ್ಲಿರುವುದೆಲ್ಲ ಚರ್ಮದ ಮೂಲಕ ಮೈಸೇರುತ್ತದೆ. ಆದ್ದರಿಂದ ಕಾಯಿಲೆ ಯಾವುದೇ ಇರಲಿ, ಮೊದಲು ಅನುಮಾನಿಸಬೇಕಾದದ್ದು ನೀರನ್ನು.

ಆರಂಭದ ಸೂಚನೆಗಳು

ತಲೆಯ ಎರಡೂ ಬದಿಯ ಕಿವಿರುಗಳು ಮುಂದಕ್ಕೆ ಬಾಗಿರುವುದು, ಬಾಲದ ತುದಿ ಕೊಕ್ಕೆಯಂತೆ ಸುರುಳಿಯಾಗುವುದು, ಊಟ ಬಿಡುವುದು, ಟ್ಯಾಂಕಿನಲ್ಲಿ ಅತ್ತಿತ್ತ ಗಾಬರಿಯಿಂದ ಈಜುವುದು. ಇವು ಪ್ರಾಣಿ ಒತ್ತಡದಲ್ಲಿದೆ ಎಂಬುದರ ಗುರುತುಗಳು. ಕಿವಿರಿನ ಮೇಲೆ ಹತ್ತಿಯಂತೆ ಬಿಳಿ ಎಳೆಗಳು ಕಂಡರೆ ಅದು ಶಿಲೀಂಧ್ರ ಸೋಂಕು ಇರಬಹುದು. ಆಗಾಗ ಮೇಲೆ ಬಂದು ಗಾಳಿ ನುಂಗುವುದು ಸಹಜ. ಪದೇ ಪದೇ ಹಾಗೆ ಮಾಡುತ್ತಿದ್ದರೆ ನೀರಿನಲ್ಲಿ ಆಮ್ಲಜನಕ ಸಾಲುತ್ತಿಲ್ಲ ಎಂದರ್ಥ.

ಕಾಲು ಅಥವಾ ಕಿವಿರಿನ ತುದಿ ತುಂಡಾದರೆ ಮನೆಯವರು ಹೆದರಿ ಓಡಿ ಬರುತ್ತಾರೆ. ನೀರು ಚೆನ್ನಾಗಿದ್ದರೆ ಅದು ಮತ್ತೆ ಬೆಳೆಯುತ್ತದೆ. ಗಾಯದಷ್ಟು ಎದ್ದು ಕಾಣದ ಊಟ ಬಿಡುವಿಕೆ ಮತ್ತು ಬಾಗಿದ ಕಿವಿರುಗಳೇ ಹಲವು ಸಲ ಹೆಚ್ಚು ಚಿಂತೆಯ ವಿಷಯ.

ತಕ್ಷಣ ವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು: ಹೊಟ್ಟೆಯ ಅಡಿ ಅಥವಾ ಕಾಲುಗಳಲ್ಲಿ ಕೆಂಪು ಕಲೆ (ರಕ್ತದಲ್ಲಿ ಸೋಂಕು ಹರಡಿರಬಹುದು), ನೀರು ತುಂಬಿದಂತೆ ಹೊಟ್ಟೆ ಊದುವುದು, ಚರ್ಮ ಸುಲಿಯುವುದು, ಮಗುಚಿಕೊಂಡು ತೇಲುವುದು, ಮೆಲ್ಲಗೆ ಮುಟ್ಟಿದರೂ ಅಲುಗಾಡದಿರುವುದು. ಟ್ಯಾಂಕಿನಲ್ಲಿ ಜಲ್ಲಿಕಲ್ಲು ಹಾಕಿದ್ದು, ಪ್ರಾಣಿ ಊಟವನ್ನೂ ಮಲವಿಸರ್ಜನೆಯನ್ನೂ ನಿಲ್ಲಿಸಿದ್ದರೆ ಕಲ್ಲು ನುಂಗಿರುವ ಸಾಧ್ಯತೆ ಇದೆ, ಎಕ್ಸ್-ರೇ ಬೇಕಾಗುತ್ತದೆ.

ಮೊದಲ ಒಂದು ಗಂಟೆಯಲ್ಲಿ ಏನು ಮಾಡಬೇಕು?

ಮೊದಲು ಥರ್ಮಾಮೀಟರ್ ನೋಡಿ. ಇದಕ್ಕೆ ಒಗ್ಗುವ ಶಾಖ ಸುಮಾರು 16ರಿಂದ 18 ಡಿಗ್ರಿ ಸೆಲ್ಸಿಯಸ್. 24 ದಾಟಿದರೆ ದೇಹ ಸೋಲುತ್ತಾ ಬರುತ್ತದೆ, ಸೋಂಕು ಸುಲಭವಾಗಿ ಅಂಟುತ್ತದೆ. ಬೇಸಿಗೆಯಲ್ಲಿ ಮುಂಬೈ, ಚೆನ್ನೈ ಮನೆಗಳಲ್ಲಿ ಟ್ಯಾಂಕಿನ ನೀರು 30 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ಮೇಲ್ಮೈಗೆ ಫ್ಯಾನ್ ಬೀಸಿದರೆ ನೀರು ಆವಿಯಾಗಿ ಸ್ವಲ್ಪ ತಣಿಯುತ್ತದೆ. ದೆಹಲಿಯ ಒಣ ಸೆಖೆಯಲ್ಲಿ ಇದು ಕೆಲಸಕ್ಕೆ ಬರುತ್ತದೆ, ಕಡಲತೀರದ ಊರುಗಳಲ್ಲಿ ಅಷ್ಟಾಗಿ ಇಲ್ಲ. ಅಲ್ಲಿ ಚಿಲ್ಲರ್ ಇಲ್ಲದೆ ಇದನ್ನು ಸಾಕಲೇಬಾರದು ಎನ್ನುವುದು ನಮ್ಮ ಅಭಿಪ್ರಾಯ. ತುರ್ತಿಗೆ, ಮುಚ್ಚಿದ ಬಾಟಲಿಯಲ್ಲಿ ಹೆಪ್ಪುಗಟ್ಟಿಸಿದ ನೀರನ್ನು ಟ್ಯಾಂಕಿನಲ್ಲಿ ತೇಲಿಬಿಡಿ. ಗಂಟೆಗೆ ಒಂದೆರಡು ಡಿಗ್ರಿಯಷ್ಟೇ ಇಳಿಯಲಿ. ಐಸ್ ತುಂಡುಗಳನ್ನು ನೇರವಾಗಿ ಹಾಕಬೇಡಿ.

ನಂತರ ಟೆಸ್ಟ್ ಕಿಟ್‌ನಿಂದ ನೀರು ಪರೀಕ್ಷಿಸಿ. ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಫಿಲ್ಟರ್ ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆದಿದ್ದೀರಾ, ನೆನಪು ಮಾಡಿಕೊಳ್ಳಿ. ನಲ್ಲಿಯ ಕ್ಲೋರಿನ್ ತಗುಲಿದರೆ ಅಮೋನಿಯಾವನ್ನು ಕರಗಿಸುವ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ. ಒಂದೆರಡು ದಿನಗಳಲ್ಲಿ ಟ್ಯಾಂಕಿನ ನೀರು ತಿಳಿಯಾಗಿ ಕಂಡರೂ ವಿಷವಾಗಿರುತ್ತದೆ.

ಸಂಖ್ಯೆ ಸರಿಯಿಲ್ಲದಿದ್ದರೆ ಪ್ರಾಣಿಯನ್ನು ಬೇರೆ ಟಬ್ಬಿಗೆ ವರ್ಗಾಯಿಸಿ. ಸೋಪು ತಾಗದ ಪ್ಲಾಸ್ಟಿಕ್ ಟಬ್ ಸಾಕು. ಆಂಟಿ-ಕ್ಲೋರಿನ್ ಹಾಕಿದ, ತಣ್ಣಗಿನ ನೀರು ಕಿವಿರು ಮುಳುಗುವಷ್ಟು ಇರಲಿ. ಪ್ರಾಣಿ ಹಾರದಂತೆ ತೂತುಗಳಿರುವ ಮುಚ್ಚಳ ಹಾಕಿ, ಕತ್ತಲು ಮತ್ತು ಸದ್ದಿಲ್ಲದ ಜಾಗದಲ್ಲಿಡಿ. ಟಬ್ಬಿನಲ್ಲಿ ಫಿಲ್ಟರ್ ಇಲ್ಲದ್ದರಿಂದ ದಿನಕ್ಕೊಮ್ಮೆ ಪೂರ್ತಿ ನೀರು ಬದಲಿಸಲೇಬೇಕು. ಈ ಒಂದು ಕೆಲಸದಿಂದಲೇ ಎಷ್ಟೋ ಪ್ರಾಣಿಗಳು ಚೇತರಿಸಿಕೊಳ್ಳುತ್ತವೆ.

ಅಕ್ವೇರಿಯಂ ಅಂಗಡಿಯವರು ಕೊಡುವ ಮೀನಿನ ಔಷಧಿಯನ್ನು ಮಾತ್ರ ಹಾಕಬೇಡಿ. ತಾಮ್ರ, ಮಾಲಕೈಟ್ ಗ್ರೀನ್, ಫಾರ್ಮಾಲಿನ್ ಇರುವ ದ್ರಾವಣಗಳು ಮೀನಿಗೆ ನಡೆದರೂ ಇದಕ್ಕೆ ಪ್ರಾಣಾಪಾಯ. ಉಪ್ಪು ನೀರಿನ ಸ್ನಾನ, ಫ್ರಿಜ್‌ನಲ್ಲಿಡುವುದು ಇವೆಲ್ಲ ರೂಢಿಯಲ್ಲಿವೆ. ಆದರೆ ಸೊರಗಿದ ಪ್ರಾಣಿಯ ಮೇಲೆ ಅಳತೆ ತಪ್ಪಿದ ಉಪ್ಪು ಮತ್ತಷ್ಟು ಹೊರೆ. ವೈದ್ಯರು ಹೇಳಿದರೆ, ಹೇಳಿದಷ್ಟೇ ನಿಮಿಷ ಮಾಡಿ.

ವೈದ್ಯರ ಬಳಿ ಹೋಗುವಾಗ

ಎಲ್ಲ ಪಶುವೈದ್ಯರೂ ಉಭಯವಾಸಿಗಳನ್ನು ನೋಡುವುದಿಲ್ಲ. ಸರೀಸೃಪ, ಪಕ್ಷಿ ಮುಂತಾದ ವಿಶೇಷ ಸಾಕುಪ್ರಾಣಿಗಳಿಗೆ ಚಿಕಿತ್ಸೆ ಕೊಡುವವರು ನಿಮ್ಮ ಊರಿನಲ್ಲಿ ಯಾರಿದ್ದಾರೆ ಎಂದು ಕಾಯಿಲೆ ಬರುವ ಮೊದಲೇ ವಿಚಾರಿಸಿಟ್ಟುಕೊಳ್ಳಿ. ಸಾಗಿಸಲು ಐಸ್ ಬಾಕ್ಸ್ ಒಳಗೆ ನೀರು ತುಂಬಿದ ಡಬ್ಬ ಒಳ್ಳೆಯದು. ಜೊತೆಗೆ ಟ್ಯಾಂಕಿನ ಹಳೆಯ ನೀರನ್ನು ಬೇರೊಂದು ಶುದ್ಧ ಬಾಟಲಿಯಲ್ಲಿ ಒಯ್ಯಿರಿ. ನೀರು ಬದಲಿಸುವ ಮೊದಲೇ ಇದನ್ನು ತುಂಬಿಸಿಟ್ಟುಕೊಳ್ಳಬೇಕು. ನೀರಿನ ಶಾಖ, ಕೊನೆಯ ಊಟ, ಕೊನೆಯ ಮಲವಿಸರ್ಜನೆ, ಇತ್ತೀಚೆಗೆ ಟ್ಯಾಂಕಿಗೆ ಹೊಸದಾಗಿ ಸೇರಿದ್ದು ಏನು, ಇಷ್ಟನ್ನು ಚೀಟಿಯಲ್ಲಿ ಬರೆದಿಡಿ. ವಿಚಿತ್ರವಾಗಿ ಈಜುವುದನ್ನು ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ.

ಆಕ್ಸೊಲಾಟಲ್ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. ಇಂಥ ಪ್ರಾಣಿ ಸಾಕುವವರು 2024ರ ನಿಯಮಗಳಂತೆ ಕೇಂದ್ರದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಆ ಕಾಗದದ ಕೆಲಸ ಬಾಕಿ ಇದೆ ಎಂಬ ಅಂಜಿಕೆಯಿಂದ ಚಿಕಿತ್ಸೆ ತಡ ಮಾಡಬೇಡಿ.

ಪ್ರಾಣಿಯನ್ನೋ ಟ್ಯಾಂಕಿನ ನೀರನ್ನೋ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಉಭಯವಾಸಿಗಳಿಂದ ಸಾಲ್ಮೊನೆಲ್ಲಾ ಹರಡಬಹುದು. ಮನೆಯಲ್ಲಿ ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ಕಿಮೊಥೆರಪಿ ಪಡೆಯುತ್ತಿರುವವರು ಇದ್ದರೆ ಟಬ್ಬಿನ ಕೆಲಸ ಅವರಿಗೆ ಬೇಡ. ಆ ನೀರನ್ನು ಅಡುಗೆಮನೆಯ ಸಿಂಕ್‌ಗೆ ಚೆಲ್ಲಬೇಡಿ.

ಇಷ್ಟೆಲ್ಲ ಮಾಡಿಯೂ ಉಳಿಯದಿರಬಹುದು. ನರಳುತ್ತಿದ್ದರೆ ನೋವಿಲ್ಲದ ಸಾವಿನ ಬಗ್ಗೆ ವೈದ್ಯರನ್ನು ಕೇಳಿ. ಜೀವ ಇರುವಾಗ ಫ್ರೀಜರ್‌ನಲ್ಲಿಡುವುದು ಕ್ರೌರ್ಯ. ಸತ್ತ ಮೇಲೆ ಕಾರಣ ತಿಳಿಯಬೇಕಿದ್ದರೆ ದೇಹವನ್ನು ಹೆಪ್ಪುಗಟ್ಟಿಸದೆ ಚೀಲದಲ್ಲಿ ಹಾಕಿ, ಫ್ರಿಜ್‌ನ ಕೆಳಭಾಗದಲ್ಲಿ ಆಹಾರಕ್ಕೆ ತಾಗದಂತೆ ಇಟ್ಟು ಬೇಗನೆ ಪರೀಕ್ಷೆಗೆ ಒಯ್ಯಿರಿ. ಅದೇ ಟ್ಯಾಂಕಿನಲ್ಲಿ ಇನ್ನೊಂದು ಆಕ್ಸೊಲಾಟಲ್ ಇದ್ದರೆ ಅದರ ಚಿಕಿತ್ಸೆಗೆ ಈ ವರದಿ ಬೇಕಾಗುತ್ತದೆ.