ಮೋಟಾರು ವಾಹನಗಳಿಗೆ ದೊಡ್ಡ ಅಳತೆಯ ಚಕ್ರಗಳ ಅಳವಡಿಕೆ: ಸಾರ್ವಜನಿಕರಿಗೆ ಮಾಹಿತಿ

ವಾಹನ ತಯಾರಕರು ಒದಗಿಸಿದ ಚಕ್ರಗಳನ್ನು ತೆಗೆದು, ಹೊರಗಿನ ಮಾರುಕಟ್ಟೆಯಲ್ಲಿ ದೊರೆಯುವ ದೊಡ್ಡ ಅಳತೆಯ ಚಕ್ರಗಳನ್ನು ಅಳವಡಿಸುವುದರಿಂದ ವಾಹನದ ಕಾರ್ಯಕ್ಷಮತೆ ಹಾಗೂ ಸುರಕ್ಷತೆಯ ಮೇಲಾಗುವ ಪರಿಣಾಮಗಳನ್ನು ಮತ್ತು ಸಂಬಂಧಿಸಿದ ಕಾನೂನನ್ನು ಇಲ್ಲಿ ವಿವರಿಸಲಾಗಿದೆ.

1. ಹಿನ್ನೆಲೆ
ಮಧ್ಯಮ ಗಾತ್ರದ ಕಾರಿಗೆ ಅಧಿಕ ಶಕ್ತಿಯ ಇಂಜಿನ್ ಅಳವಡಿಸಿದ 'ಮಸಲ್ ಕಾರು'ಗಳು ಅಮೆರಿಕದಲ್ಲಿ 1964ರ ಪಾಂಟಿಯಾಕ್ ಜಿ.ಟಿ.ಓ. ಮಾದರಿಯಿಂದ ಜನಪ್ರಿಯವಾದವು. ಆ ಕಾಲದ ಇಂತಹ ಕಾರುಗಳಲ್ಲಿ ಸಾಮಾನ್ಯವಾಗಿ 14 ಅಥವಾ 15 ಇಂಚಿನ ರಿಮ್‌ಗಳಿದ್ದವು. ಇವುಗಳಿಗೆ 20 ಇಂಚು ಹಾಗೂ ಅದಕ್ಕೂ ಮೇಲ್ಪಟ್ಟ ರಿಮ್ ಅಳವಡಿಸುವ ರೂಢಿ ಅಲ್ಲಿದೆ. ಕೆಳಗಿನ ಲೆಕ್ಕ ಅಂತಹ ಕಾರಿನದಾದರೂ, ಅದರ ತತ್ವ ಎಲ್ಲ ಕಾರುಗಳಿಗೂ ಅನ್ವಯಿಸುತ್ತದೆ.

2. ಟೈರಿನ ಅಳತೆ ಮತ್ತು ಲೆಕ್ಕ
225/70 ಆರ್14 ಎಂಬಲ್ಲಿ 225 ಟೈರಿನ ಅಗಲ (ಮಿ.ಮೀ.), 70 ಅಗಲಕ್ಕೆ ಹೋಲಿಸಿದಾಗ ಪಕ್ಕದ ಗೋಡೆಯ ಎತ್ತರದ ಶೇಕಡಾವಾರು, 14 ರಿಮ್ಮಿನ ವ್ಯಾಸ (ಇಂಚು). ಈ ಟೈರಿನ ಒಟ್ಟು ವ್ಯಾಸ ಸುಮಾರು 671 ಮಿ.ಮೀ. ಇದಕ್ಕೆ ಬದಲಾಗಿ 275/45 ಆರ್20 ಅಳವಡಿಸಿದಲ್ಲಿ ವ್ಯಾಸ ಸುಮಾರು 756 ಮಿ.ಮೀ. ಆಗಿ, ಶೇ. 12.7ರಷ್ಟು ಹೆಚ್ಚುತ್ತದೆ.

3. ಪರಿಣಾಮಗಳು
(ಅ) ವೇಗವರ್ಧನೆ: ಚಕ್ರ ದೊಡ್ಡದಾದಷ್ಟೂ ಗೇರಿನ ಅನುಪಾತ ಕುಗ್ಗಿದಂತಾಗುತ್ತದೆ. ಮೇಲಿನ ಉದಾಹರಣೆಯಲ್ಲಿ 3.55 ಇರುವ ಹಿಂಬದಿ ಆಕ್ಸಲ್ ಅನುಪಾತ 3.15ಕ್ಕೆ ಸಮನಾಗುತ್ತದೆ. ತೂಕವು ಚಕ್ರದ ಮಧ್ಯದಿಂದ ದೂರ ಸರಿದಷ್ಟೂ, ಆ ದೂರದ ವರ್ಗಕ್ಕೆ ಅನುಗುಣವಾಗಿ, ಚಕ್ರವನ್ನು ತಿರುಗಿಸಲು ಹೆಚ್ಚು ಬಲ ಬೇಕಾಗುತ್ತದೆ. ಆದುದರಿಂದ ಇಂಜಿನ್ ಬದಲಾಗದಿದ್ದರೂ ಕಾರು ನಿಧಾನವಾಗಿ ವೇಗ ಪಡೆಯುತ್ತದೆ.
(ಆ) ಬ್ರೇಕ್: ಪೆಡಲ್ ಮೇಲಿನ ಒತ್ತಡ ಅಷ್ಟೇ ಇದ್ದರೂ, ರಸ್ತೆಯ ಮೇಲೆ ದೊರೆಯುವ ನಿಲುಗಡೆ ಬಲ ಸುಮಾರು ಶೇ. 11ರಷ್ಟು ಕಡಿಮೆಯಾಗುತ್ತದೆ.
(ಇ) ವೇಗಮಾಪಕ: ಮೂಲ ಚಕ್ರಗಳೊಡನೆ ನಿಖರವಾಗಿದ್ದ ಮಾಪಕವು 60 ಕಿ.ಮೀ. ತೋರಿಸುವಾಗ ವಾಸ್ತವ ವೇಗ 67 ಕಿ.ಮೀ.ಗಿಂತ ಅಧಿಕವಿರುತ್ತದೆ. ಚಾಲಕನು ತನಗರಿವಿಲ್ಲದೆಯೇ ವೇಗಮಿತಿ ಮೀರುವ ಸಂಭವವಿರುತ್ತದೆ. ದೂರಮಾಪಕವೂ ಕಡಿಮೆ ದೂರ ದಾಖಲಿಸುತ್ತದೆ.
(ಈ) ತೂಗುವ್ಯವಸ್ಥೆ: ಭಾರವಾದ ಚಕ್ರಗಳು ಬೇರಿಂಗ್ ಹಾಗೂ ಸ್ಟೀರಿಂಗ್ ಜೋಡಣೆಗಳನ್ನು ಬೇಗ ಸವೆಸುತ್ತವೆ. ಪಕ್ಕದ ಗೋಡೆ ಗಿಡ್ಡವಾದ ಟೈರುಗಳಲ್ಲಿ ರಸ್ತೆ ಗುಂಡಿಗಳ ಹೊಡೆತ ನೇರವಾಗಿ ರಿಮ್ಮಿಗೆ ತಾಗುತ್ತದೆ. ತಿರುವಿನಲ್ಲಿ ಟೈರು ಮಡ್‌ಗಾರ್ಡ್‌ಗೆ ಉಜ್ಜಿ ಒಡೆಯುವ ಅಪಾಯವೂ ಇದೆ.

ದೊಡ್ಡ ರಿಮ್ಮಿನಿಂದ ಪ್ರಯೋಜನವೇ ಇಲ್ಲವೆಂದಲ್ಲ. ದೊಡ್ಡ ಬ್ರೇಕ್ ಡಿಸ್ಕ್ ಅಳವಡಿಸಲು ಜಾಗ ದೊರೆಯುತ್ತದೆ. ತಿರುವುಗಳಲ್ಲಿ ಟೈರಿನ ಬಾಗುವಿಕೆ ಕಡಿಮೆಯಾಗುತ್ತದೆ. ಒಟ್ಟು ವ್ಯಾಸ ಬದಲಾಗದಿರುವುದು ಇಲ್ಲಿ ಮುಖ್ಯ. ಇದೇ ಕಾರಿಗೆ 245/45 ಆರ್18 ಟೈರಿನ ವ್ಯಾಸ ಸುಮಾರು 678 ಮಿ.ಮೀ. ಆಗಿದ್ದು, ವ್ಯತ್ಯಾಸ ಶೇ. 1ರಷ್ಟು ಮಾತ್ರ.

4. ಕಾನೂನು
ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 52ರಂತೆ, ನೋಂದಣಿ ಪ್ರಮಾಣ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ಸರ್ವೋಚ್ಚ ನ್ಯಾಯಾಲಯವು ಜನವರಿ 2019ರ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿದಿದೆ. 2019ರ ತಿದ್ದುಪಡಿಯಿಂದ ಸೇರ್ಪಡೆಯಾದ ಪ್ರಕರಣ 182ಎ(4)ರಂತೆ, ಅನುಮತಿಸದ ರೀತಿಯಲ್ಲಿ ಬಿಡಿಭಾಗ ಅಳವಡಿಸಿ ವಾಹನ ಮಾರ್ಪಡಿಸುವ ಮಾಲೀಕರಿಗೆ ಆರು ತಿಂಗಳವರೆಗೆ ಕಾರಾವಾಸ, ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ, ಅಥವಾ ಇವೆರಡನ್ನೂ ವಿಧಿಸಬಹುದಾಗಿದೆ.

5. ವಾಹನ ಮಾಲೀಕರಿಗೆ ಸೂಚನೆಗಳು
• ಚಕ್ರ ಖರೀದಿಸುವ ಮುನ್ನ ಮಾಲೀಕರ ಕೈಪಿಡಿಯಲ್ಲಿ ಹಾಗೂ ಬಾಗಿಲ ಬಳಿಯ ಫಲಕದಲ್ಲಿ ಸೂಚಿಸಿರುವ ಅಳತೆಗಳನ್ನು ಪರಿಶೀಲಿಸುವುದು.
• ಟೈರಿನ ಭಾರ ಹಾಗೂ ವೇಗ ಸೂಚ್ಯಂಕಗಳು ಮೂಲ ಟೈರಿಗಿಂತ ಕಡಿಮೆಯಿರಬಾರದು.
• ಮಾರ್ಪಾಡು ಕೈಗೊಳ್ಳುವ ಮೊದಲೇ ವಾಹನ ನೋಂದಣಿಯಾಗಿರುವ ಪ್ರಾದೇಶಿಕ ಸಾರಿಗೆ ಕಛೇರಿಯಲ್ಲಿ ವಿಚಾರಿಸುವುದು. ಅಂಗಡಿಯವರ ಮೌಖಿಕ ಭರವಸೆಯನ್ನು ಅನುಮತಿಯೆಂದು ಭಾವಿಸಬಾರದು.
• ಬದಲಾವಣೆಯನ್ನು ವಿಮಾ ಸಂಸ್ಥೆಗೆ ಲಿಖಿತವಾಗಿ ತಿಳಿಸುವುದು.
• ಮೂಲ ಚಕ್ರಗಳನ್ನು ಮಾರದೆ ಕಾಯ್ದಿರಿಸಿಕೊಳ್ಳುವುದು ಸೂಕ್ತ. ಮಾರ್ಪಾಡಿಗೆ ಆಕ್ಷೇಪಣೆ ಬಂದಲ್ಲಿ ವಾಹನವನ್ನು ಪೂರ್ವಸ್ಥಿತಿಗೆ ತರಲು ಅವು ಬೇಕಾಗುತ್ತವೆ.