ಮಷೀನು ಹೋದ ಮ್ಯಾಲೆ ಉಳದ ಪಡಸಾಲಿ

ವೈನಿ, ಹೋದ ವಾರ ಕೇಳಿದ್ರಿ, "ಹಳೇ ಮನಿ ಕೆಡವೂದ ಛಲೋ ಅಲ್ಲೇನು, ಇಷ್ಟು ದೊಡ್ಡ ಪಡಸಾಲಿ ಈಗ ಯಾತಕ್ಕ?" ಅಂತ. ಅವತ್ತ ಉತ್ತರ ಬರಲಿಲ್ಲ. ಇವತ್ತ ಲಂಡನ್ನಿನ ಟೇಟ್ ಮಾಡರ್ನ್ ಕಥಿ ಹೇಳ್ತೀನಿ.

ಅದು ಮೊದಲ ಕರೆಂಟ್ ತಯಾರ ಮಾಡೋ ಕಾರ್ಖಾನಿ ಇತ್ತು. ಥೇಮ್ಸ್ ನದಿ ದಂಡಿಗೆ ಇಟ್ಟಂಗಿ ಕಟ್ಟಡ, 99 ಮೀಟರ್ ಎತ್ತರದ ಹೊಗಿ ಕೊಳವಿ. 1981ರಾಗ ಬಂದ್ ಆತು. ಮುಂದ ಹೊಸ ಕಾಲದ ಕಲಾಕೃತಿ ಇಡಲಿಕ್ಕೆ ಜಾಗಾ ಬೇಕಾದಾಗ ಇದನ್ನ ಆರಿಸಿದ್ರು. ಸ್ವಿಟ್ಜರ್ಲೆಂಡಿನ ಹೆರ್ಜೋಗ್ ಮತ್ತು ಡಿ ಮ್ಯೂರಾನ್ ಅನ್ನೋ ವಾಸ್ತುಶಿಲ್ಪಿಗಳು ಗ್ವಾಡಿ, ಕೊಳವಿ ಉಳಿಸಿಕೊಂಡು, ಮಷೀನಿನ ಹಾಲ್ ಖಾಲಿನ ಬಿಟ್ರು. ಐದು ಮಜಲಿ ಎತ್ತರ! 2000ದ ಮೇ ತಿಂಗಳದಾಗ ಬಾಗಲಾ ತಗದ್ರು.

ಹಿಂದಿನ ಮ್ಯೂಸಿಯಂ ಅಂದ್ರ ಎತ್ತರದ ಮೆಟ್ಟಲಾ, ಕಂಬ, ಪಿಸುಮಾತು. ಇಲ್ಲೆ ಪಶ್ಚಿಮದ ಬಾಗಲದಿಂದ ಇಳಿಜಾರು ಅದ, ಕೂಸಿನ ಗಾಡಿ ದೂಡಿಕೋತ ಹೋಗಬಹುದು. ಕಾಯಂ ಸಂಗ್ರಹ ನೋಡಲಿಕ್ಕೆ ತಿಕೀಟೂ ಇಲ್ಲ.

ಆ ಖಾಲಿ ಹಾಲಿಗಂತನ ಕಲಾವಿದರು ಕೆಲಸಾ ಮಾಡಲಿಕ್ಕೆ ಶುರು ಮಾಡಿದ್ರು. ಮೊದಲನೇದಾಕಿ ಲೂಯೀಸ್ ಬೂರ್ಜ್ವಾ, ಆಗ 88 ವರ್ಷದ ಅಜ್ಜಿ. 9 ಮೀಟರಿಗಿಂತ ಎತ್ತರದ ಜೇಡ ನಿಲ್ಲಿಸಿದ್ಲು. ಹೆಸರು 'ಮಾಮಾಂ', ಅಂದ್ರ ಅವ್ವ. ಆಕಿ ತಾಯಿ ಹರದ ಚಿತ್ರಗಂಬಳಿ ನೇಯ್ದು ಸರಿ ಮಾಡ್ತಿದ್ಲು, ಜೇಡನೂ ಹರದ ಬಲೆ ಮತ್ತ ನೇಯ್ತದ. (ನಾವು ಕಂಡ ಕೂಡ್ಲೆ ಕಸಬರಿಗಿ ತರ್ತೀವಿ!) 2003ರಾಗ ಓಲಾಫರ್ ಎಲಿಯಾಸನ್ ದೀಪದ ಸೂರ್ಯನ್ನ ಮಾಡಿ, ಮ್ಯಾಲೆ ಛತ್ತಿಗೆ ಕನ್ನಡಿ ಕೂಡಿಸಿದ. ಮಂದಿ ನೆಲದ ಮ್ಯಾಲೆ ಅಂಗಾತ ಮಲಗಿ ತಮ್ಮ ಬಿಂಬ ನೋಡಿಕೋತ ಇದ್ರು.

2012ರಾಗ ನೆಲದಡಿ ಎಣ್ಣಿ ತುಂಬೋ ಟಾಕಿನೂ ಬಿಡಲಿಲ್ಲ ವೈನಿ, ಅವನ್ನೂ ಪ್ರದರ್ಶನದ ಖೋಲಿ ಮಾಡಿದ್ರು.