ಮಿದುಳನ್ನು ತಲುಪಿದ ಮಾತ್ರೆ

ಬೆಂಗಳೂರಿನ ಆಸ್ಪತ್ರೆಯೊಂದರ ಕ್ಯಾನ್ಸರ್ ವಿಭಾಗದಲ್ಲಿ ಫಾರ್ಮಸಿಸ್ಟ್ ಆಗಿ ದುಡಿದು ನಿವೃತ್ತಳಾದವಳು ನಾನು. ಔಷಧ ಕಿಟಕಿಯ ಆಚೆ ನಿಂತವರು ಬಹುಮಟ್ಟಿಗೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ‘ಕೀಮೋ ಅಂದ್ರೆ ಡ್ರಿಪ್ ಹಾಕೋದಲ್ವಾ ಮೇಡಂ, ಬರೀ ಮಾತ್ರೆ ಸಾಕಾ?’ ತಲೆಯ ಆಪರೇಷನ್ ಮುಗಿಸಿ, ಹೊಲಿಗೆ ಬಿಚ್ಚಿಸಿಕೊಂಡು ರೇಡಿಯೇಷನ್‌ಗೆ ಬಂದವರ ಕೈಗೆ ನಾನು ಕೊಡುತ್ತಿದ್ದದ್ದು ಟೆಮೊಜೊಲೊಮೈಡ್ ಎಂಬ ಕ್ಯಾಪ್ಸೂಲು. ‘ಇದೇ ಕೀಮೋ, ಧೈರ್ಯವಾಗಿ ತಗೊಳ್ಳಿ’ ಎಂದು ಹೇಳುವ ಬಲ ನನಗೆ ಬಂದದ್ದು ಆ ಔಷಧದ ಚರಿತ್ರೆಯನ್ನು ಓದಿಕೊಂಡಿದ್ದರಿಂದ. ಅದರಲ್ಲಿ ಸೋತು ಹೋದ ಔಷಧವೊಂದಿದೆ, ಭೋಪಾಲದ ವಿಷಾನಿಲವಿದೆ, ಸಾಮಾನ್ಯ ಜನ ಕೊಟ್ಟ ದೇಣಿಗೆಯೂ ಇದೆ.

ಮಿದುಳಿನ ಕ್ಯಾನ್ಸರ್‌ಗೆ ಔಷಧ ಹುಡುಕುವವರಿಗೆ ಮೊದಲ ಅಡ್ಡಿ ಮಿದುಳೇ. ಅದರ ರಕ್ತನಾಳಗಳ ಒಳಗೋಡೆ ಎಷ್ಟು ಬಿಗಿಯೆಂದರೆ ರಕ್ತದಲ್ಲಿ ಹರಿಯುವ ಹೆಚ್ಚಿನ ಔಷಧಗಳು ಆಚೆಗೆ ದಾಟುವುದೇ ಇಲ್ಲ. 1970ರ ದಶಕದಲ್ಲಿ ದಾಟಬಲ್ಲ ಎರಡು ಔಷಧಗಳು ಬಂದವು. ಕಾರ್ಮುಸ್ಟಿನ್ ರಕ್ತನಾಳಕ್ಕೆ ಕೊಡುವಂಥದ್ದು, ಲೋಮುಸ್ಟಿನ್ ನುಂಗುವಂಥದ್ದು. ಎರಡೂ ಅಸ್ಥಿಮಜ್ಜೆಯನ್ನು ವಾರಗಳ ನಂತರ ಹೊಡೆಯುತ್ತಿದ್ದವು. ರಕ್ತಕಣಗಳು ಚೇತರಿಸಿಕೊಳ್ಳಲೆಂದು ಒಂದು ಡೋಸ್ ಆದಮೇಲೆ ಆರು ವಾರ ಕಾಯಬೇಕಿತ್ತು.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಆಸ್ಟನ್ ವಿಶ್ವವಿದ್ಯಾಲಯದಲ್ಲಿ ಮಾಲ್ಕಮ್ ಸ್ಟೀವನ್ಸ್ ಎಂಬ ರಸಾಯನಶಾಸ್ತ್ರಜ್ಞ ಸಾರಜನಕದ ಪರಮಾಣುಗಳು ಒತ್ತೊತ್ತಾಗಿ ಕೂತ ಉಂಗುರಾಕಾರದ ಅಣುಗಳನ್ನು ಕಟ್ಟುತ್ತಿದ್ದರು. ಅಂಥ ಅಣುಗಳನ್ನು ಮಾಡಲು ಹೊರಟವರಲ್ಲಿ ಅವರ ಸಂಶೋಧನಾ ವಿದ್ಯಾರ್ಥಿ ರಾಬರ್ಟ್ ಸ್ಟೋನ್ ಮುಖ್ಯರು. ಮೇ ಅಂಡ್ ಬೇಕರ್ ಕಂಪನಿ ಕೈಜೋಡಿಸಿತು. ಮೊದಲು ಗಮನ ಸೆಳೆದದ್ದು ಮಿಟೊಜೊಲೊಮೈಡ್. ಇಲಿಗಳ ಗೆಡ್ಡೆಗಳ ಮೇಲೆ ಅದು ಅದ್ಭುತವಾಗಿ ಕೆಲಸ ಮಾಡಿತು. ಮನುಷ್ಯರಿಗೆ ಕೊಟ್ಟಾಗ ಪ್ಲೇಟ್‌ಲೆಟ್‌ಗಳು ಯಾರಿಗೆ, ಎಷ್ಟು ಕುಸಿಯುತ್ತವೆ ಎಂದು ಮುಂಚಿತವಾಗಿ ಹೇಳಲಾಗದಷ್ಟು ತೀವ್ರವಾಗಿ ಕುಸಿದವು. ಅದನ್ನು ಕೈಬಿಟ್ಟರು.

ಅಣುವಿನ ಚೌಕಟ್ಟನ್ನು ಮಾತ್ರ ಕೈಬಿಡಲಿಲ್ಲ. ಮಿಟೊಜೊಲೊಮೈಡ್‌ನ ಒಂದು ತುದಿಯಲ್ಲಿದ್ದ ಕ್ಲೋರೊಈಥೈಲ್ ಗುಂಪು ಡಿಎನ್‌ಎಯ ಎರಡು ಎಳೆಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತಿತ್ತು. ಆ ಜಾಗದಲ್ಲಿ ಪುಟ್ಟ ಮಿಥೈಲ್ ಗುಂಪನ್ನಿಟ್ಟ ಅಣುವೇ ಟೆಮೊಜೊಲೊಮೈಡ್. ಪ್ರಯೋಗಾಲಯದಲ್ಲಿ ಅದರ ಗುರುತು ಸಿಸಿಆರ್‌ಜಿ 81045. ಅದನ್ನು ತಯಾರಿಸಲು ಬಳಸಿದ ಮುಖ್ಯ ರಾಸಾಯನಿಕ ಮಿಥೈಲ್ ಐಸೊಸೈನೇಟ್, ಕ್ರಿಯೆ ಮುಗಿಯಲು ವಾರಗಟ್ಟಲೆ ಬೇಕಿತ್ತು. ಈ ಸಂಯುಕ್ತಗಳನ್ನು ತಯಾರಿಸುವ ವಿಧಾನವನ್ನು ಸ್ಟೀವನ್ಸ್ ತಂಡ ಪ್ರಕಟಿಸಿದ್ದು 1984ರಲ್ಲಿ. ಅದೇ ವರ್ಷ ಡಿಸೆಂಬರ್ 2ರ ರಾತ್ರಿ ಭೋಪಾಲದ ಕಾರ್ಖಾನೆಯಿಂದ ಸೋರಿ ಸಾವಿರಾರು ಜನರನ್ನು ಕೊಂದದ್ದೂ ಇದೇ ಮಿಥೈಲ್ ಐಸೊಸೈನೇಟ್. ಈ ಎರಡನ್ನೂ ಅಕ್ಕಪಕ್ಕದಲ್ಲಿ ಓದಿದ ದಿನ ನನಗೆ ನಿದ್ದೆ ಹತ್ತಲಿಲ್ಲ. ವಸ್ತು ಒಂದೇ. ಒಂದು ಕಡೆ ಅದನ್ನು ಕಾಯುವ ಹೊಣೆ ಹೊತ್ತವರಿದ್ದರು, ಇನ್ನೊಂದು ಕಡೆ ಆ ಹೊಣೆಯನ್ನು ಗಾಳಿಗೆ ತೂರಿದ್ದರು. ಮುಂದೆ ಈ ರಾಸಾಯನಿಕವನ್ನು ಬಳಸದೆಯೇ ಔಷಧ ತಯಾರಿಸುವ ದಾರಿಗಳನ್ನೂ ಕಂಡುಕೊಂಡರು.

ಈ ಔಷಧದ ಗುಟ್ಟು ಅದು ಒಡೆಯುವುದರಲ್ಲಿದೆ. ಹೊಟ್ಟೆಯ ಆಮ್ಲದಲ್ಲಿ ಅಣು ಗಟ್ಟಿಯಾಗಿ ನಿಲ್ಲುತ್ತದೆ, ಹಾಗಾಗಿ ನುಂಗಬಹುದು. ತುಸು ಕ್ಷಾರೀಯವಾದ ರಕ್ತಕ್ಕೆ ಸೇರಿದ ಮೇಲೆ ಯಕೃತ್ತಿನ ಸಹಾಯವಿಲ್ಲದೆ ತಾನಾಗಿಯೇ ಒಡೆಯತೊಡಗುತ್ತದೆ. ಸುಮಾರು 1.8 ಗಂಟೆಗಳಲ್ಲಿ ಅರ್ಧ ಮುಗಿದಿರುತ್ತದೆ. ಗಾತ್ರ ಚಿಕ್ಕದು, ಆದ್ದರಿಂದ ಅಷ್ಟರೊಳಗೆ ಮಿದುಳಿನ ಗೋಡೆಯನ್ನೂ ದಾಟುತ್ತದೆ. ಕೊನೆಗೆ ಉಳಿದ ಮಿಥೈಲ್ ತುಣುಕು ಕ್ಯಾನ್ಸರ್ ಕೋಶದ ಡಿಎನ್‌ಎಯಲ್ಲಿರುವ ಗ್ವಾನಿನ್‌ಗೆ ಅಂಟುತ್ತದೆ. ತಪ್ಪನ್ನು ತಿದ್ದಲು ಹೋಗಿ ಹೋಗಿ ಸೋತ ಕೋಶ ಸಾಯುತ್ತದೆ.

1987ರಲ್ಲಿ ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಎಡ್ವರ್ಡ್ ನ್ಯೂಲ್ಯಾಂಡ್ಸ್ ಇದನ್ನು ರೋಗಿಗಳಿಗೆ ಕೊಟ್ಟು ನೋಡಲು ಶುರುಮಾಡಿದರು. ಬೆನ್ನಿಗೆ ನಿಂತದ್ದು ಕ್ಯಾನ್ಸರ್ ರಿಸರ್ಚ್ ಕ್ಯಾಂಪೇನ್ ಎಂಬ ದತ್ತಿ ಸಂಸ್ಥೆ. ಜನರ ದೇಣಿಗೆಯಿಂದ ನಡೆಯುತ್ತಿದ್ದ ಸಂಸ್ಥೆ ಅದು. ಇಡೀ ಡೋಸನ್ನು ಒಂದೇ ಸಲ ಕೊಟ್ಟಾಗ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ಅದನ್ನೇ ಐದು ದಿನಗಳಿಗೆ ಹಂಚಿ ಕೊಟ್ಟಾಗ ಮಿದುಳಿನ ಗೆಡ್ಡೆಗಳು ಕುಗ್ಗತೊಡಗಿದವು. ತಿಂಗಳಿಗೆ ಐದು ದಿನ ನುಂಗುವ ಇಂದಿನ ಪದ್ಧತಿ ಹುಟ್ಟಿದ್ದು ಅಲ್ಲಿ. ನಂತರ ಷೆರಿಂಗ್ ಪ್ಲೌ ಕಂಪನಿ ಇದನ್ನು ಬೆಳೆಸಿತು. 1999ರಲ್ಲಿ ಯುರೋಪ್ ಮತ್ತು ಅಮೆರಿಕ ಎರಡೂ ಕಡೆ ಅನುಮತಿ ಸಿಕ್ಕಿತು. ಆಗ ಅದು ಮರುಕಳಿಸಿದ ಅಥವಾ ಬೇರೆ ಚಿಕಿತ್ಸೆಗೆ ಬಗ್ಗದ ಗೆಡ್ಡೆಗಳಿಗೆ ಮಾತ್ರ.

ರೋಗ ಪತ್ತೆಯಾದೊಡನೆ ಕೊಡುವ ಕ್ರಮ ಬಂದದ್ದು 2005ರಲ್ಲಿ, ರೋಜರ್ ಸ್ಟುಪ್ ಮುಂದಾಳತ್ವದ ಅಧ್ಯಯನದ ನಂತರ. ಗ್ಲಿಯೋಬ್ಲಾಸ್ಟೋಮಾ ಎಂಬ ಮಿದುಳಿನ ಕ್ಯಾನ್ಸರ್ ಇದ್ದ 573 ಜನರಲ್ಲಿ ಅರ್ಧದಷ್ಟು ಮಂದಿಗೆ ರೇಡಿಯೇಷನ್ ಮಾತ್ರ, ಉಳಿದವರಿಗೆ ಜೊತೆಗೆ ಈ ಕ್ಯಾಪ್ಸೂಲು. ಮಧ್ಯಾಂಕದ ಬದುಕು 12.1 ತಿಂಗಳಿಂದ 14.6 ತಿಂಗಳಿಗೆ ಏರಿತು. ‘ಎರಡೂವರೆ ತಿಂಗಳಿಗೆ ಇಷ್ಟೆಲ್ಲ ಬೇಕಾ?’ ಎಂದವರನ್ನು ಕಂಡಿದ್ದೇನೆ. ಪಕ್ಕದ ಅಂಕಿಯನ್ನೂ ಅವರು ಓದಬೇಕು. ಎರಡು ವರ್ಷ ದಾಟಿದವರು ನೂರಕ್ಕೆ 10.4ರಿಂದ 26.5ಕ್ಕೆ ಏರಿದರು. ಅದೇ ಹೊತ್ತಿಗೆ ಮೋನಿಕಾ ಹೆಗಿ ತಂಡ ಇನ್ನೊಂದನ್ನು ತೋರಿಸಿತು: ಔಷಧ ಅಂಟಿಸಿದ ಮಿಥೈಲನ್ನು ಕಿತ್ತುಹಾಕುವ ಎಂಜಿಎಂಟಿ ಎಂಬ ಪ್ರೊಟೀನಿನ ಜೀನ್ ಯಾರ ಗೆಡ್ಡೆಯಲ್ಲಿ ಮುಚ್ಚಿಹೋಗಿದೆಯೋ ಅವರಿಗೆ ಫಲ ಹೆಚ್ಚು.

ಇಷ್ಟೆಲ್ಲ ದಾಟಿ ಬಂದ ಲೆಕ್ಕ ಕೊನೆಗೆ ನಮ್ಮ ಕಿಟಕಿಗೆ ಬರುತ್ತಿತ್ತು. ಮೈಯ ಹೊರಮೈ ವಿಸ್ತೀರ್ಣ 1.6 ಚದರ ಮೀಟರ್ ಇದ್ದವರಿಗೆ ರೇಡಿಯೇಷನ್ ನಡೆಯುವ ಆರು ವಾರ ದಿನಾ 120 ಮಿಲಿಗ್ರಾಂ: ನೂರರದ್ದು ಒಂದು, ಇಪ್ಪತ್ತರದ್ದು ಒಂದು. ತಿಂಗಳ ಬಿಡುವಿನ ನಂತರ ಬಂದಾಗ ಅದೇ ಮನುಷ್ಯನಿಗೆ ದಿನಕ್ಕೆ 240. ತುಮಕೂರು ಕಡೆಯ ರೈತರೊಬ್ಬರು ಗಾಬರಿಯಾದರು: ‘ಕಾಯಿಲೆ ಜಾಸ್ತಿ ಆಯ್ತಾ?’ ನಾನು ಕ್ಯಾಲೆಂಡರ್ ಎಳೆದುಕೊಂಡು ಐದು ದಿನಗಳಿಗೆ ಸುತ್ತು ಹಾಕಿ, ಉಳಿದ ಇಪ್ಪತ್ಮೂರು ದಿನ ಮಾತ್ರೆ ಇಲ್ಲವೆಂದು ತೋರಿಸಿದೆ. ಒಟ್ಟು ಲೆಕ್ಕದಲ್ಲಿ ಔಷಧ ಕಡಿಮೆಯೇ ಆಗಿತ್ತು. ಅವರ ಹೆಂಡತಿ, ನುಂಗಲು ಕಷ್ಟಪಡುತ್ತಾರೆ, ಬಿಚ್ಚಿ ಜೇನುತುಪ್ಪದಲ್ಲಿ ಕಲಸಿ ಕೊಡಲೇ ಎಂದು ಕೇಳಿದರು. ಬೇಡವೇ ಬೇಡ ಎಂದೆ. ಆ ಪುಡಿ ಕೊಡುವವರ ಚರ್ಮಕ್ಕೂ ಉಸಿರಿಗೂ ತಾಗಬಾರದು. ರಾತ್ರಿ, ಬರಿ ಹೊಟ್ಟೆಯಲ್ಲಿ, ವಾಂತಿ ತಡೆಯುವ ಮಾತ್ರೆ ಮೊದಲು, ಆಮೇಲೆ ಇದು, ಇಡಿಯಾಗಿ. ರಕ್ತಪರೀಕ್ಷೆ ಮಾತ್ರ ಒಂದೂ ತಪ್ಪಿಸುವಂತಿಲ್ಲ.

ಈಗ ನಮ್ಮ ದೇಶದ ಕಂಪನಿಗಳೇ ಇದನ್ನು ತಯಾರಿಸುತ್ತವೆ, ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ಸೇರಿದೆ. ಅಣು ಮಾತ್ರ ನಮ್ಮಲ್ಲಿ ಹುಟ್ಟಲಿಲ್ಲ. ನಮ್ಮ ಜನರಲ್ಲಿ ದಾನದ ಗುಣಕ್ಕೆ ಕೊರತೆಯಿಲ್ಲ. ಆಸ್ಪತ್ರೆಯ ಮಂಚ, ಗಾಲಿಕುರ್ಚಿ, ಕುಡಿಯುವ ನೀರಿನ ಫಿಲ್ಟರ್, ಎಲ್ಲದರ ಮೇಲೂ ದಾನಿಗಳ ಹೆಸರಿದೆ. ಅದೆಲ್ಲ ಬೇಕು, ಇನ್ನೂ ಬೇಕು. ಆದರೆ ಆಸ್ಟನ್‌ನಂಥ ಸಾಧಾರಣ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ, ಮೊದಲ ಔಷಧ ಸೋತ ಮೇಲೂ ಕೆಲಸ ನಿಲ್ಲದಂತೆ ನೋಡಿಕೊಂಡ ದೇಣಿಗೆಯಿಂದಲೇ ಈ ಮಾತ್ರೆ ಬಂದದ್ದು. ಮುಂದಿನ ಸಲ ಕ್ಯಾನ್ಸರ್‌ಗೆಂದು ಹಣ ಎತ್ತಿಡುವವರು ಅದರ ಒಂದು ಪಾಲನ್ನು ನಮ್ಮದೇ ವಿಶ್ವವಿದ್ಯಾಲಯಗಳ ಸಂಶೋಧನೆಗೆ ಕೊಡಿ. ಫಲ ಬರುವುದು ತಡವಾದರೂ ಕೊಡಿ.